ಮೊಣಕಾಲುದ್ದ ನೀರು

ಗೋವಿಂದರಾಜನಗರದ ಆ ಅಡ್ಡರಸ್ತೆಯ ಮೋರಿಗೆ ಯಾರೋ ಪುಣ್ಯಾತ್ಮರು ಹಳೇ ದಿಂಬೊಂದನ್ನು ಎಸೆದಿದ್ದರು. ಅದು ಹೋಗಿ ಬಾಯಿಗೆ ಅಡ್ಡ ಕೂತಿತ್ತು. ಅದೇ ರಾತ್ರಿ ಮಳೆ ಹುಚ್ಚು ಹಿಡಿದಂತೆ ಸುರಿಯಿತು. ಬೆಳಿಗ್ಗೆ ಸುಧೀಂದ್ರ ಬಾಗಿಲು ತೆಗೆದರೆ ಅವನ ಬೈಕು ಕೆರೆಗಿಳಿದ ಎಮ್ಮೆಯ ಹಾಗೆ ಅರ್ಧ ಮುಳುಗಿ ನಿಂತಿತ್ತು. ಮಳೆ ಇನ್ನೂ ನಿಂತಿರಲಿಲ್ಲ.

ಬೇರೆಯವರಾಗಿದ್ದರೆ ಮಳೆಯನ್ನು ಬೈದು, ಕಾಫಿ ಕುಡಿದು ಮತ್ತೆ ಮುಸುಕು ಹೊದ್ದುಕೊಳ್ಳುತ್ತಿದ್ದರು. ಇವನಿಗೆಲ್ಲಿ ಆ ಭಾಗ್ಯ! ಕೆಂಗೇರಿಯ ಆಚೆ ಖಾಸಗಿಯವರದೊಂದು ಕುದುರೆ ರೇಸಿನ ಮೈದಾನ. ಮಳೆಗಾಲದಲ್ಲಿ ಅಲ್ಲಿ ನೀರು ನಿಂತು ಹುಲ್ಲು ಬೇರಿನಿಂದಲೇ ಕೊಳೆಯುತ್ತಿತ್ತು, ಕುದುರೆಗಳು ಜಾರಿ ಬೀಳುತ್ತಿದ್ದವು. ಹುಲ್ಲಿನ ಕೆಳಗೆ ತೂತಿನ ಪೈಪು, ಜಲ್ಲಿ, ಮರಳು ಹಾಸಿ ನೀರು ಬಸಿದುಹೋಗುವಂತೆ ಮಾಡಿಸಿದ ಇಂಜಿನಿಯರ್ ಇವನೇ. ಇವತ್ತು ಕಮಿಟಿಯವರು ನೋಡಲು ಬರುವವರಿದ್ದರು. "ಮೈದಾನ ಪಾಸಾದ್ರೆ ನೀನು ಪರ್ಮನೆಂಟು. ನೀರು ನಿಂತಿದ್ರೆ ನಾಳೆಯಿಂದ ಬರ್ಬೇಡ," ಎಂದು ಕಂಟ್ರಾಕ್ಟರ್ ಶಶಿಕುಮಾರ್ ಹೇಳಿಬಿಟ್ಟಿದ್ದರು. ಸೇರಿದ ಕಂಪನಿಗಳೆಲ್ಲ ಒಂದೊಂದಾಗಿ ಬಾಗಿಲು ಹಾಕಿಕೊಂಡ ಮೇಲೆ ಸಿಕ್ಕಿದ್ದ ಕೆಲಸ ಪಾಪ. ಹೆಂಡತಿ ರಾಗಿಣಿಯಂತೂ 'ನಮ್ಮನೆಯವರಿಗೆ ಪರ್ಮನೆಂಟ್ ಆಯ್ತು' ಎಂದು ಬೀದಿಗೆಲ್ಲ ಸಾರಿ ಬಂದಿದ್ದಳು.

ಮೈದಾನದ ವಾಚ್‌ಮನ್‌ಗೆ ಫೋನ್ ಮಾಡಿದ. ಅವನು ಎತ್ತಲಿಲ್ಲ.

ಮಹಡಿಯ ಮೇಲಿಂದ ಮನೆ ಮಾಲೀಕ, ರಿಟೈರ್ಡ್ ಮೇಷ್ಟ್ರು ಪದ್ಮನಾಭ ಇಣುಕಿದರು. "ಏನ್ರೀ ಸುಧೀಂದ್ರ, ಈ ಮಳೆಗೆ ನಿಮ್ಮ ಪೈಪು ತಡ್ಕೊಳುತ್ತಾ?"

"ತಡ್ಕೋಬೇಕು ಸಾರ್."

"ಏನ್ ತಡ್ಕೊಳೋದು! ಹುಲ್ಲು ಚೆನ್ನಾಗ್ ಬರ್ಬೇಕಂದ್ರೆ ಗೊಬ್ಬರ ಹಾಕ್ಬೇಕು ಕಣ್ರೀ. ಮೋರಿ ತೋಡಿದ್ರೆ ಹುಲ್ಲು ಬರುತ್ತೇನ್ರೀ? ಹಾಗಿದ್ರೆ ನಮ್ಮ ಬೀದೀಲೇ ಕುದುರೆ ಓಡಿಸ್ಬೋದಿತ್ತು."

ಎದುರು ಮನೆಯ ಮುನಿತಾಯಮ್ಮ ಸೀರೆ ಎತ್ತಿ ಕಟ್ಟಿ, ತಟ್ಟೆಯಲ್ಲಿ ನೀರು ಹೊರಚೆಲ್ಲುತ್ತಿದ್ದವರು ಅಲ್ಲಿಂದಲೇ ಕೂಗಿದರು. "ಕುದ್ರೆಗಾದ್ರೆ ಮೋರಿ ಮಾಡ್ಕೊಡ್ತೀರ, ನಾವೇನ್ ಮನುಷ್ಯರಲ್ವಾ ಇಂಜಿನಿಯರ್ರೇ? ಒಳಗೆ ಅಕ್ಕಿ ಮೂಟೆ ನೆಂದ್‌ಹೋಯ್ತು!"

ಬೈಕು ಕೆಮ್ಮಿತೇ ಹೊರತು ಸ್ಟಾರ್ಟ್ ಆಗಲಿಲ್ಲ. ನಿನ್ನೆಯವರೆಗೂ ಸುಧೀಂದ್ರನಿಗೆ ತನ್ನ ಪೈಪಿನ ಮೇಲೆ ದೇವರಷ್ಟು ನಂಬಿಕೆ. ಈಗ ಮೊಣಕಾಲುದ್ದ ನೀರಲ್ಲಿ ನಿಂತವನಿಗೆ ಅದೂ ಮುಳುಗಿಹೋಯಿತು.

"ಒಂದ್ ಕೆಲಸ ಮಾಡಿ," ಎಂದರು ಪದ್ಮನಾಭ. "ಮೈದಾನದ ಗೇಟಲ್ಲೇ ಇದೀನಿ, ಇಲ್ಲೆಲ್ಲ ನೀರು, ಇವತ್ತು ಬರ್ಬೇಡಿ ಅಂದ್ಬಿಡಿ. ನಾಲ್ಕು ದಿನ ಬಿಸಿಲು ಕಾದ್ರೆ ಮೈದಾನ ತಾನಾಗೇ ಒಣಗುತ್ತೆ. ಆಮೇಲ್ ಕರ್ಸಿ ತೋರ್ಸಿ. ಯಾರಿಗ್ರೀ ಗೊತ್ತಾಗುತ್ತೆ?"

ಮುಳುಗುವವನಿಗೆ ಅದೇ ದೊಡ್ಡ ಉಪಾಯವಾಗಿ ಕಂಡಿತು. ಅಲ್ಲೇ ನಿಂತು ಶಶಿಕುಮಾರ್‌ಗೆ ವಾಯ್ಸ್ ಮೆಸೇಜ್ ಕಳಿಸಿದ. ಜೇಬಿಗಿಡಲು ಹೋದರೆ ಒದ್ದೆ ಕೈಯಿಂದ ಜಾರಿ ಫೋನು ನೀರಿಗೆ ಬಿತ್ತು. ಎತ್ತಿ ಒರೆಸಿ, ಊದಿ ನೋಡಿದ. ಸತ್ತಿತ್ತು.

ಅವರು ಕೇಳಿದರೋ ಇಲ್ಲವೋ? ಕೇಳದೆ ಹೊರಟುಬಿಟ್ಟಿದ್ದರೆ? ಸುಧೀಂದ್ರ ನೀರು ತುಳಿದುಕೊಂಡು ವಿಜಯನಗರದ ಮೆಟ್ರೋಗೆ ಓಡಿದ. ಕೆಂಗೇರಿಯಲ್ಲಿ ಇಳಿದು ಹತ್ತಿದ ಆಟೋ ಅರ್ಧ ದಾರಿಯಲ್ಲಿ ಕೆಸರಿಗೆ ಹೂತುಕೊಂಡಿತು. ಉಳಿದ ದಾರಿ ನಡೆದು, ಒಂದು ಕಡೆ ಜಾರಿ ಬಿದ್ದು, ಗೇಟು ತಲುಪುವ ಹೊತ್ತಿಗೆ ಅವನ ಗುರುತು ಅವನಿಗೇ ಸಿಗುವಂತಿರಲಿಲ್ಲ.

ಗೇಟಿನಲ್ಲಿ ನೀರೇ ಇರಲಿಲ್ಲ. ಶಶಿಕುಮಾರ್ ಕಾರು ಮಾತ್ರ ನಿಂತಿತ್ತು.

ಒಳಗೆ ಹುಲ್ಲು ಹಸಿರಾಗಿ ನಗುತ್ತಿತ್ತು. ಕಮಿಟಿಯವರು ಶೂ ಹಾಕಿಕೊಂಡೇ ಅದರ ಮೇಲೆ ಓಡಾಡುತ್ತಿದ್ದರು. ಕುದುರೆಯೊಂದು ದಡದಡ ಓಡಿ ಬಂತು. ಗೊರಸು ಒಂಚೂರೂ ಹೂತುಕೊಳ್ಳಲಿಲ್ಲ.

ಕಮಿಟಿಯ ಹಿರಿಯರು ಹಿಮ್ಮಡಿಯಿಂದ ನೆಲ ಒತ್ತಿ ನೋಡಿದರು. "ರಾತ್ರಿಯೆಲ್ಲ ಅಂಥಾ ಮಳೆ! ಆದ್ರೂ ನೆಲ ಹೇಗಿದೆ ನೋಡ್ರೀ. ಯಾರ್ರೀ ಇದನ್ನ ಮಾಡ್ಸಿದ್ದು?"

"ಇವನೇ ಸಾರ್, ನಮ್ಮ ಸುಧೀಂದ್ರ!" ಶಶಿಕುಮಾರ್ ಕೆಸರನ್ನೂ ಲೆಕ್ಕಿಸದೆ ಅವನ ಬೆನ್ನು ತಟ್ಟಿದರು. ಸುಧೀಂದ್ರನ ಕಣ್ಣು ತುಂಬಿ ಬಂತು. ತನ್ನ ಪೈಪು ತನ್ನ ಕೈ ಬಿಟ್ಟಿರಲಿಲ್ಲ. ಶಶಿಕುಮಾರ್ ಫೋನು ಹೊರತೆಗೆದರು. "ಬೆಳಿಗ್ಗೆನೇ ಏನೋ ಮೆಸೇಜ್ ಹಾಕಿದೀಯ. ಡ್ರೈವ್ ಮಾಡ್ತಿದ್ದೆ, ಕೇಳೋಕಾಗ್ಲಿಲ್ಲ. ಗುಡ್ ನ್ಯೂಸು ತಾನೆ? ಎಲ್ರೂ ಕೇಳ್ಲಿ."

"ಸಾರ್, ಬೇಡ ಸಾರ್..."

ಶಶಿಕುಮಾರ್ ಒತ್ತಿಯೇಬಿಟ್ಟರು. ಮೈದಾನದ ತುಂಬ ಅವನದೇ ದನಿ: "ಸಾರ್, ಮೈದಾನದ ಗೇಟಲ್ಲೇ ನಿಂತಿದೀನಿ. ಮೊಣಕಾಲುದ್ದ ನೀರು ಸಾರ್. ಈ ಮಳೆಗೆ ಯಾವ ಪೈಪೂ ತಡ್ಕೊಳಲ್ಲ. ಕಮಿಟಿಯವರಿಗೆ ಬರ್ಬೇಡಿ ಅಂದ್ಬಿಡಿ." ಅದರ ಹಿಂದೆಯೇ ಸ್ಪಷ್ಟವಾಗಿ ಮುನಿತಾಯಮ್ಮನ ದನಿ: "ಇಂಜಿನಿಯರ್ರೇ, ಮನೆ ಬಾಗ್ಲಲ್ಲಿ ನಿಂತ್ಕೊಂಡ್ ಫೋನಲ್ ಮಾತಾಡಿದ್ದು ಸಾಕು, ಮೊದ್ಲು ಈ ಮೋರಿ ಬಿಡ್ಸಿ!"

ಕುದುರೆಯೊಂದೇ ಕೆನೆಯಿತು.

ಶಶಿಕುಮಾರ್ ಫೋನನ್ನು ಜೇಬಿಗಿಟ್ಟುಕೊಂಡರು. "ಮೈದಾನ ಪಾಸಾಯ್ತು ಸುಧೀಂದ್ರ. ನೀನು ನಾಳೆಯಿಂದ ಬರ್ಬೇಡ."

ಸಂಜೆ ಬೀದಿಗೆ ಬಂದರೆ ನೀರು ಇದ್ದಲ್ಲೇ ಇತ್ತು. ಮುನಿತಾಯಮ್ಮ ಉದ್ದದ ಬಿದಿರು ಗಳ ಹಿಡಿದು ಕಾಯುತ್ತಿದ್ದರು. "ನೀವ್ ಬರ್ಲಿ ಅಂತ ಯಾರೂ ಮುಟ್ಟಿಲ್ಲ ನೋಡಿ."

ಬೇಡ ಎನ್ನುವ ಶಕ್ತಿಯೂ ಅವನಲ್ಲಿ ಉಳಿದಿರಲಿಲ್ಲ. ಗಳ ತೂರಿಸಿ ತಿವಿದ. ದಿಂಬು ಮೇಲೆ ಬಂತು. ಗಳಗಳ ಎಂದು ನೀರೆಲ್ಲ ಇಳಿದುಹೋಯಿತು. ಬೀದಿಗೆ ಬೀದಿಯೇ ಚಪ್ಪಾಳೆ ತಟ್ಟಿತು. ಬಾಗಿಲಲ್ಲಿ ರಾಗಿಣಿ ಕೈಯಲ್ಲಿ ಸಿಹಿಯ ಡಬ್ಬ ಹಿಡಿದು ನಿಂತಿದ್ದಳು.

"ನಾನ್ ಹೇಳಿಲ್ವಾ, ಮೋರಿ ಕೆಲಸ ಅಂದ್ರೆ ಇವ್ರದ್ದೇ ಅಂತ!" ಎಂದರು ಮೇಲಿಂದ ಪದ್ಮನಾಭ.

"ಹೂಂ ಮತ್ತೆ," ಎಂದರು ಮುನಿತಾಯಮ್ಮ, ಗಳವನ್ನು ಅವನ ಬಾಗಿಲಿಗೇ ಒರಗಿಸುತ್ತ. "ಇನ್ಮೇಲೆ ನಮ್ಮ ಬೀದಿಗೆ ನೀವೇ ಪರ್ಮನೆಂಟು!"