ಚಂದ್ರನಿಲ್ಲದ ಊರಲ್ಲಿ ಅತ್ತೆಯ ಸಂಕಷ್ಟಿ

ಚಂದ್ರನೇ ತಲೆ ಎತ್ತದ ಊರಿಗೆ ಹೋಗಿ ಸಂಕಷ್ಟಿ ಉಪವಾಸ ಹಿಡಿದವರು ಈ ಭೂಮಂಡಲದಲ್ಲಿ ಒಬ್ಬರೇ ಇದ್ದಾರೆ, ಅವರು ನನ್ನ ಸೋದರತ್ತೆ! ನಂಬದವರು ಕುಂದಾಪುರದ ಬಳಿಯ ಬೀಜಾಡಿಗೆ ಹೋಗಿ ವಿಚಾರಿಸಬಹುದು. ಪುರುಸೊತ್ತು ಮಾಡಿಕೊಂಡೇ ಹೋಗಿ. ಅತ್ತೆ ಬಾಯಿ ತೆರೆದರೆ ಕೊನೆಯ ಬಸ್ಸೂ ತಪ್ಪುತ್ತದೆ.

ನಾನಿರುವುದು ನಾರ್ವೆಯ ಉತ್ತರದ ತುದಿಯಲ್ಲಿ. ಸಮುದ್ರದಲ್ಲಿ ಬಲೆ ಕಟ್ಟಿ ಸಾಕುವ ಮೀನುಗಳಿಗೆ ರೋಗ ಬಂದರೆ ಪರೀಕ್ಷೆ ಮಾಡುವುದು ನನ್ನ ಕೆಲಸ. ಅಜ್ಜನ ಕಾಲದಿಂದ ಮೀನು ಹಿಡಿದು ಮಾರಿಕೊಂಡು ಬಂದ ನಮ್ಮ ಮನೆಯವರಿಗೆ ಇದನ್ನು ತಿಳಿಸಿ ಹೇಳುವುದು ಹೇಗೆ?

"ಮೀನಿಗೆ ಜ್ವರ ಬಂದ್ರೆ ನೀನ್ ಮದ್ದ್ ಕೊಡುದಾ?" ಅಂತ ಅತ್ತೆ ಕೇಳಿದ್ದರು.

"ಹೌದ್ ಅತ್ತೆ."

"ಗುಣ ಆದ್ ಮೇಲೆ?"

"ಹಿಡ್ದ್ ಮಾರ್ತ್ರ್."

"ಅಯ್ಯೋ ದೇವ್ರೇ! ಕಡೀಗ್ ತಿಂಬುದೇ ಆರೆ ಮದ್ದ್ ಎಂತಕ್ಕೆ?"



ಅಂಥ ಅತ್ತೆ ಕಳೆದ ಜೂನ್‌ನಲ್ಲಿ ನಮ್ಮಲ್ಲಿಗೆ ಬಂದರು. ಒಬ್ಬರೇ ಬಂದರು. ಎದೆನೋವು ಬಂದು ಉಳಿದವರಾದ್ದರಿಂದ ಮಾವನಿಗೆ ದೂರದ ಪ್ರಯಾಣ ಬೇಡ ಎಂದು ಡಾಕ್ಟರ್ ಹೇಳಿದ್ದರು. "ನಾನ್ ಮಗ ಸೊಸಿ ಸಂಗ್ತಿಗೆ ಇರ್ತೆ, ನೀ ಹೋಯ್ ಬಾ" ಎಂದು ಮಾವನೇ ದೂಡಿ ಕಳಿಸಿದ್ದು. ಅತ್ತೆಯ ಪೆಟ್ಟಿಗೆಯಲ್ಲಿ ಕುಚ್ಚಲಕ್ಕಿ, ಹಪ್ಪಳ, ಅವಲಕ್ಕಿ, ಜೊತೆಗೆ ಕಾಯಿ ತುರಿಯುವ ಮಣೆ! ಇದೇನೋ ಆಯುಧ ಎಂದು ತಡೆದ ಅಧಿಕಾರಿಗೆ ವಿಮಾನ ನಿಲ್ದಾಣದ ನಡುವೆಯೇ ಮಣೆಯ ಮೇಲೆ ಕೂತು, ಇಲ್ಲದ ಕಾಯಿಯನ್ನು ತುರಿದು ತೋರಿಸಿದರಂತೆ. ಆತ ಕೈಮುಗಿದು ಬಿಟ್ಟನಂತೆ. ಕೈಮುಗಿದದ್ದು ಅತ್ತೆ ಸೇರಿಸಿದ ಮಾತಿರಬೇಕು.

ಮೊದಲ ದಿನವೇ ಕೈಕಾಲು ತೊಳೆದು ದೀಪದ ಮುಂದೆ ಕೂತರು. "ಹೆಣೆ, ಇಲ್ಲ್ ಮೂರ್ಸಂಜಿ ಎಷ್ಟೊತ್ತಿಗೆ?" ಎಂದು ನನ್ನನ್ನು ಕೇಳಿದರು.

"ಈಗ ಇಲ್ಲ್ ಸೂರ್ಯ ಮುಳ್ಗುದೇ ಇಲ್ಲೆ ಅತ್ತೆ. ಇನ್ ಮುಳ್ಗುದ್ ಜುಲೈ ಕಡಿಗೆ."

"ಅವ್ನಿಗ್ ಮನಿ ಮಾರ್ ಇಲ್ಯಾ?"

ಸೂರ್ಯನನ್ನು ನಂಬಿ ಪ್ರಯೋಜನವಿಲ್ಲ ಎಂದು ತೀರ್ಮಾನಿಸಿ, ಮರುದಿನದಿಂದ ಕುಂದಾಪುರದ ಹೊತ್ತಿಗೇ ದೀಪ ಹಚ್ಚತೊಡಗಿದರು. ನಮ್ಮ ಮನೆಯಲ್ಲಿ ಮಧ್ಯಾಹ್ನದ ಚಾಯಕ್ಕೆ ಮೊದಲೇ ಮುಸ್ಸಂಜೆ!

ಒಂದು ರಜಾದಿನ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಉತ್ತರದ ಕಡಲು ತೋರಿಸಲು ಹೊರಟೆ. ದಾರಿಯುದ್ದಕ್ಕೂ ಟಂಡ್ರಾ. ಅಂದರೆ ಕಣ್ಣು ಹಾಯಿಸಿದಷ್ಟೂ ಹಾವಸೆ, ಕಲ್ಲು, ನೀರು ನಿಂತ ಹೊಂಡ, ಅಲ್ಲಲ್ಲಿ ಕರಗದೆ ಉಳಿದ ಹಿಮ. ಹೆಸರಿಗೊಂದು ಮರವಿಲ್ಲ.

"ಇಷ್ಟ್ ಮರ ಯಾರ್ ಕಡ್ದದ್ದ್?" ಎಂದರು ಅತ್ತೆ, ಗಾಬರಿಯಿಂದ.

"ಯಾರೂ ಕಡೀಲಿಲ್ಲೆ. ಚಳಿಗೆ ಮರ ಹುಟ್ಟುದೇ ಇಲ್ಲೆ."

"ಹಾಂಗಾರೆ ಇವ್ರ್ ಸೌದಿಗೆ ಎಂತ ಮಾಡ್ತ್ರ್?"

ಮುಂದೆ ರಸ್ತೆಯ ನಡುವೆ ಹಿಮಸಾರಂಗಗಳ ಹಿಂಡು ನಿಂತಿತ್ತು. ಅಲ್ಲಿಯವರಾದರೆ ಅವು ತಾವಾಗಿ ಸರಿಯುವ ತನಕ ಮಿಸುಕದೆ ಕಾಯುತ್ತಾರೆ. ನಮ್ಮ ಹಿಂದೆಯೂ ಕಾರುಗಳು ಸಾಲುಗಟ್ಟಿದವು. ಅತ್ತೆ ಕಾಯುವವರೇ? "ಯಾರ್ ಮನಿ ದನ ಇದ್? ಕಟ್ಟಿ ಹಾಕುಕ್ ಆತಿಲ್ಯಾ ಇವ್ರಿಗೆ!" ಎನ್ನುತ್ತ ಇಳಿದವರೇ ಸೀರೆ ಎತ್ತಿ ಕಟ್ಟಿ, ಚಪ್ಪಾಳೆ ತಟ್ಟಿ, "ಹೋಯ್! ಹೋಯ್!" ಎಂದು ಅಬ್ಬರಿಸಿದರು. ಅಷ್ಟು ದೊಡ್ಡ ಕೊಂಬಿನ ಪ್ರಾಣಿಗಳು ಗದ್ದೆಗೆ ನುಗ್ಗಿ ಸಿಕ್ಕಿಬಿದ್ದ ಕರುಗಳಂತೆ ತಲೆ ತಗ್ಗಿಸಿ ಓಡಿದವು. ಅವಕ್ಕೆ ಕನ್ನಡ ಬರುವುದಿಲ್ಲ ಎಂದು ಯಾರು ಹೇಳಿದ್ದು?

ಈ ಸಾಹಸದ ನಂತರ ಹಸಿವಾಗಿರಬಹುದೆಂದು ರೊಟ್ಟಿಯ ಪೊಟ್ಟಣ ಬಿಚ್ಚಿದೆ. ಅತ್ತೆ ಮುಖ ತಿರುಗಿಸಿದರು. "ನಂಗೆ ಇವತ್ತ್ ಸಂಕಷ್ಟಿ ಅಲ್ದಾ?"

ನಾನು ಪೊಟ್ಟಣವನ್ನು ಮತ್ತೆ ಕಟ್ಟಿಟ್ಟೆ. ಮಾವ ಆಸ್ಪತ್ರೆಯಲ್ಲಿದ್ದಾಗ ಅತ್ತೆ ಆನೆಗುಡ್ಡೆ ಗಣಪತಿಗೆ ಹೇಳಿಕೊಂಡ ವ್ರತ ಅದು. ಗಂಡ ಉಳಿದರೆ ಪ್ರತಿ ಸಂಕಷ್ಟಿಗೂ ಉಪವಾಸ, ಚಂದ್ರನನ್ನು ಕಣ್ಣಾರೆ ಕಾಣದೆ ಊಟವಿಲ್ಲ. ಒಂದು ತಪ್ಪಿದರೂ ಮಾವನಿಗೆ ಏನೋ ಆಗಿಬಿಡುತ್ತದೆ ಎಂಬ ಹೆದರಿಕೆ. "ನಂಗೆ ಗುಣ ಆದ್ದ್ ಮಾತ್ರಿಯಿಂದ, ನಿನ್ ಚಂದ್ರನಿಂದ ಅಲ್ಲ ಮಾರಾಯ್ತಿ" ಎಂದು ಮಾವ ನಗಾಡುತ್ತಾರೆ. ಅತ್ತೆ ಕಿವಿಗೆ ಹಾಕಿಕೊಳ್ಳುವುದಿಲ್ಲ. ಆದರೆ ಇಲ್ಲಿ ಬೇಸಿಗೆಯ ಕೆಲವು ದಿನ ಚಂದ್ರ ಮೇಲೇಳುವುದೇ ಇಲ್ಲವಲ್ಲ! ಅತ್ತೆಗೆ ಸಕ್ಕರೆ ಕಾಯಿಲೆ ಬೇರೆ.

"ಪಂಚಾಂಗದ ಹೊತ್ತ್ ಕಂಡ್ ಉಣ್ಣಿ ಅತ್ತೆ."

"ಪಂಚಾಂಗಕ್ಕೆ ಕೈ ಮುಗೂಕ್ ಆತ್ತಾ? ಕಣ್ಣಾರೆ ಕಾಣ್ಕ್."

ರಸ್ತೆ ಮುಗಿದಲ್ಲಿ ಕಡಲು. ಮರಳಿನ ಹೆಸರಿಲ್ಲ, ಬರೀ ಕರಿಬಂಡೆ. ಬಂಡೆಯ ಮೇಲೆ ಗಾಳ ಹಾಕಿ ಕೂತಿದ್ದ ಮುದುಕರೊಬ್ಬರ ಬಳಿ ಅತ್ತೆ ನೆಟ್ಟಗೆ ನಡೆದರು. "ಹ್ವಾಯ್, ಚಂದ್ರನ್ನ ಕಂಡ್ರ್ಯಾ?" ನಾನು ನಾಚಿಕೆ ಬಿಟ್ಟು ಅನುವಾದಿಸಿದೆ. ಅವರು ಆಕಾಶ ನೋಡಿ, ಅತ್ತೆಯನ್ನು ನೋಡಿ, ಚಂದ್ರನನ್ನು ಚೆನ್ನಾಗಿ ನೋಡಬೇಕಾದರೆ ಆಗಸ್ಟ್‌ನಲ್ಲಿ ಬನ್ನಿ ಎಂದರು.

"ಆಗಸ್ಟ್ ತನ್ಕ ಉಪ್ಪಾಸ ಕೂಕಂಬುದಾ?" ಎಂದ ಅತ್ತೆ ಬೀಳದಂತೆ ನನ್ನ ಹೆಗಲು ಹಿಡಿದುಕೊಂಡರು. ನನಗೆ ನಗು ಬರಲಿಲ್ಲ.

ಅಷ್ಟರಲ್ಲಿ ಮಾವನ ಫೋನು. ಇಲ್ಲಿ ಸಂಜೆ, ಅಲ್ಲಿ ರಾತ್ರಿ ಊಟ ಮುಗಿಯುವ ಹೊತ್ತು. ನಾನು ಪಕ್ಕಕ್ಕೆ ಹೋಗಿ ಎಲ್ಲ ಹೇಳಿದೆ. ಮಾವ ನಗಲಿಲ್ಲ. ಫೋನು ಇಟ್ಟುಬಿಟ್ಟರು. ಸ್ವಲ್ಪ ಹೊತ್ತಿಗೆ ಅವರಿಂದಲೇ ವಿಡಿಯೋ ಕರೆ. ಫೋನನ್ನು ಅತ್ತೆಯ ಮುಂದೆ ಹಿಡಿದೆ. ಧೋ ಎಂದು ಸುರಿವ ಮಳೆ, ಒಂದು ಕೊಡೆಯ ಅಂಚು, ಕತ್ತಲು.

"ಮಾರಾಯ್ತಿ, ನಾನ್ ಕಡಲ್ ಬುಡಕ್ಕೆ ಬಂದಿದೆ. ಮೋಡ ಸರ್ದಿತ್ತ್ ಕಾಣ್. ಕಂಡ್ತಾ ಚಂದ್ರ?"

ಪರದೆಯ ಮೇಲೆ ಒಂದು ಹಳದಿ ಬೆಳಕಿನ ಉಂಡೆ ಅಲುಗಾಡಿತು. ಅತ್ತೆ ತುಂಬ ಹೊತ್ತು ನೋಡಿದರು. ಸೆರಗು ಸರಿಮಾಡಿಕೊಂಡು ಕೈಮುಗಿದರು. "ಹ್ಞಾಂ, ಕಂಡ್ತ್" ಎಂದರು. ಆಮೇಲೆ ಬಂಡೆಯ ಮೇಲೆ ಕೂತು, ಮನೆಯಿಂದ ಕಟ್ಟಿ ತಂದಿದ್ದ ಬೆಲ್ಲ, ಕಾಯಿ ಹಾಕಿದ ಅವಲಕ್ಕಿ ತಿಂದರು. ಗಾಳ ಹಾಕಿದ ಮುದುಕರಿಗೂ ಒಂದು ಹಿಡಿ ಹೋಯಿತು. ಅವರು ಎರಡನೆಯ ಸಲ ಕೈಯೊಡ್ಡಿದರು!

ವಾಪಸು ಬರಲು ಕಾರು ಹತ್ತಿದೆವು. ಆ ಹಳದಿ ಉಂಡೆಯ ಕೆಳಗೆ ಕಂಬವೊಂದು ಇದ್ದದ್ದು ನನಗೆ ಕಂಡಿತ್ತು. ಪಾಪ, ಅತ್ತೆಗೆ ತಿಳಿಯದಿರಲಿ ಎಂದುಕೊಂಡೆ.

"ಚಂದ್ರಂಗೆ ಕರೆಂಟ್ ಕಂಬ ಇರತ್ತಾ ಹೆಣೆ?" ಎಂದರು ಅತ್ತೆ, ಕಿಟಕಿಯ ಆಚೆ ನೋಡುತ್ತಲೇ.

ನಾನು ಕಾರು ನಿಲ್ಲಿಸಿಬಿಟ್ಟೆ. "ಗೊತ್ತಿದ್ದೂ ಉಂಡ್ರ್ಯಾ ಅತ್ತೆ? ವ್ರತ?"

"ವ್ರತ ಯಾರಿಗಾಯಿ ಮಾಡುದ್? ಅವ್ರಿಗಾಯಿ ಅಲ್ದಾ? ನಾನ್ ಕಾಣ್ಲಿಲ್ಲೆ ಅಂದಿದ್ರೆ ಆ ಮನ್ಷ ಬೆಳಗಾಪಲ್ಲಿ ತನ್ಕ ಮಳಿಯಗೆ ನಿಂತ್ಕಂತಿದ್ರ್."

ಅತ್ತೆ ನನ್ನ ಫೋನು ಇಸಿದುಕೊಂಡು ಮಾವನಿಗೆ ಕರೆ ಮಾಡಿದರು. "ಹ್ವಾಯ್, ಚಂದ್ರ ಲಾಯ್ಕ್ ಇದ್ದಿತ್ತ್. ಇನ್ ತಲಿ ಒರ್ಸ್ಕಂಡ್ ಮನಿಕಣಿ."