ಕೆಂಪು ಚುಕ್ಕಿಯ ಸೈಟು

...ಚುಕ್ಕಿ ಒಂದೇ ಇತ್ತು. ಇತ್ತೇ? ಇತ್ತು ಅಂತಲೇ ಇಟ್ಟುಕೊಳ್ಳೋಣ. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ.

ಅಮೆರಿಕದ ಕ್ಲಾರ್ಕ್ಸ್‌ಬರ್ಗ್‌ನಲ್ಲಿ ನಮ್ಮ ಪಕ್ಕದ ಮನೆಯ ವಾಲ್ಟರ್, ಎಂಬತ್ತು ದಾಟಿದವರು, ತಮ್ಮ ತಾತನ ಕಾಲದ ನಕ್ಷೆಯೊಂದನ್ನು ತಂದುಕೊಟ್ಟಿದ್ದರು. ಟೆಕ್ಸಸ್‌ನಲ್ಲಿ ನೆಲದಿಂದ ಎಣ್ಣೆ ಚಿಮ್ಮಿದ ದಿನಗಳಲ್ಲಿ ಸೈಟು ಮಾರಲೆಂದು ಅಚ್ಚು ಹಾಕಿಸಿದ್ದು. ಅದರಲ್ಲಿ ನಾಟಕಶಾಲೆ, ಟ್ರಾಮು, ದೋಣಿ ತೇಲುವ ಕೆರೆ ಎಲ್ಲವೂ ಇದ್ದವು. ಊರೊಂದು ಮಾತ್ರ ಕೊನೆಗೂ ಹುಟ್ಟಲಿಲ್ಲ! ನೂರಾರು ಚೌಕಗಳ ನಡುವೆ, ತಾತ ಕೊಂಡ ಸೈಟಿನ ಮೇಲೆ ಕೆಂಪು ಶಾಯಿಯ ಚುಕ್ಕಿ.

"ಶನಿವಾರ ಅಣ್ಣತಮ್ಮಂದಿರೆಲ್ಲ ಸೇರುತ್ತೇವೆ. ಆ ಚುಕ್ಕಿ ಅವರಿಗೆ ಕಾಣಬೇಕು. ದೊಡ್ಡದಾಗಿ ಪ್ರಿಂಟ್ ಮಾಡಿಕೊಡಪ್ಪ" ಎಂದಿದ್ದರು.

ಅದೇನು ಮಹಾ ಕೆಲಸ!

ಅವತ್ತು ಆಯುಧಪೂಜೆ. ಕಾರು, ಲ್ಯಾಪ್‌ಟಾಪು, ಮಿಕ್ಸಿಗಳ ಹಣೆಗೆ ಕುಂಕುಮವಿಟ್ಟು ಸ್ಕ್ಯಾನರಿಗೂ ಇಟ್ಟೆ. ಪಕ್ಕದಲ್ಲೇ ನಕ್ಷೆ ಹರಡಿತ್ತು. ಕೈಯಲ್ಲಿದ್ದ ಕುಂಕುಮದ ಬಟ್ಟಲು ಓರೆಯಾಗಿ ಎರಡರ ಮೇಲೂ ಚೆಲ್ಲಿತು.

"ರೀ, ಮುಟ್ಟಬೇಡಿ! ಹಾಗೇ ಎತ್ತಿ ಕೊಡವಿ" ಎಂದು ಹೆಂಡತಿ ಸುಮಾ ಕೂಗಿದಳು.

ನಾನು ಇಂಜಿನಿಯರು. ಒದ್ದೆ ಟಿಶ್ಯೂ ತಂದು ಒರೆಸಿದೆ. ಕುಂಕುಮ ಕರಗಿತು. ಶಾಯಿಯೂ ಕರಗಿತು! ಒಣಗಲೆಂದು ಹೇರ್‌ಡ್ರೈಯರ್ ಹಿಡಿದೆ. ಸ್ಕ್ಯಾನರಿನ ಮೇಲೆ ಚೆಲ್ಲಿದ್ದ ಕುಂಕುಮವೂ ಹಾರಿಬಂದು ಒದ್ದೆ ಕಾಗದಕ್ಕೆ ಚುಕ್ಕಿ ಚುಕ್ಕಿಯಾಗಿ ಅಂಟಿತು.

"ಅಪ್ಪಾ, ಸ್ಟಾಪ್! ಯು ಆರ್ ಮೇಕಿಂಗ್ ಇಟ್ ವರ್ಸ್!" ಎಂದಳು ಮಗಳು.

"ಒರಿಜಿನಲ್ ಚುಕ್ಕಿ ಯಾವುದ್ರೀ?"

"ಇದು."

"ಈಗ ತಾನೆ ಅದು ಅಂದ್ರಿ!"

ಎಣಿಸಿದೆವು. ಹದಿನಾಲ್ಕು.

ಕಾಲಿಂಗ್ ಬೆಲ್ ಆಯಿತು. ವಾಲ್ಟರ್! ಕನ್ನಡಕ ಏರಿಸಿ ನಕ್ಷೆಯನ್ನು ಬಹಳ ಹೊತ್ತು ನೋಡಿದರು.

"ಒಂದೇ ಸೈಟು ಕೊಂಡೆ ಅಂತ ತಾತ ಅಜ್ಜಿಗೆ ಹೇಳುತ್ತಿದ್ದ, ಕಳ್ಳ ಮುದುಕ!" ಎಂದರು.

"ನಿಜ ಹೇಳಿಬಿಡ್ರೀ" ಎಂದು ಸುಮಾ ಮೊಣಕೈಯಲ್ಲಿ ತಿವಿದಳು. ಧೈರ್ಯ ಮಾಡಿ ಬಾಯಿ ತೆರೆದೆ. "ಹ್ಯಾಪಿ ದಸರಾ" ಎಂದೆ.

ಅವರು ನನ್ನ ಕೆಂಪು ಬೆರಳನ್ನು ನೋಡಿದರು. ಸ್ಕ್ಯಾನರಿನ ಹಣೆಯನ್ನು ನೋಡಿದರು. ನಕ್ಷೆ ಸುತ್ತಿಕೊಂಡು ಹೊರಟರು.

ಶನಿವಾರ ಅಣ್ಣತಮ್ಮಂದಿರಿಗೆ ಏನು ಹೇಳಿದರೋ, ಕೇಳುವ ಧೈರ್ಯ ನನಗೆ ಬರಲಿಲ್ಲ. ಅವರಿಗೆ ಎಲ್ಲ ಅರ್ಥವಾಯಿತೋ ಇಲ್ಲವೋ, ಅದೂ ತಿಳಿಯದು. ತಾತನ ಸೈಟು ಯಾವುದೆಂಬುದಂತೂ ನನಗೆ ಗೊತ್ತಿಲ್ಲ.