ಎಲುಬಿನ ಹುಡುಗಿಗೆ ಬಂದ ಸಂಬಂಧ

ನಗಬಾರದ ಜಾಗದಲ್ಲೇ ನಗು ಬರುವ ಪ್ರಸಂಗಗಳು ಡಾಕ್ಟರನ ಬದುಕಿನಲ್ಲಿ ಮುಗಿಯುವುದಿಲ್ಲ. ನನ್ನವು ಡಾಕ್ಟರಾಗುವ ಮೊದಲೇ ಶುರುವಾದವು. ಅರುವತ್ತರ ದಶಕ. ಅನಾಟಮಿಯಲ್ಲಿ ಒಮ್ಮೆ ಡುಮ್ಕಿ ಹೊಡೆದಾಗಿತ್ತು. "ಇನ್ನೊಮ್ಮೆ ಫೇಲಾದರೆ ಮೆಲ್ಕಾರಿನಲ್ಲಿ ನಮ್ಮ ಅಕ್ಕಿ ಅಂಗಡಿ ಉಂಟು, ಬಂದು ಕೂತ್ಕೊ" ಅಂತ ಅಪ್ಪ ಹೇಳಿದ್ದರು. ಅಪ್ಪ ತಮಾಷೆ ಮಾಡುವ ಜನ ಅಲ್ಲ.

ಹೆಸರಿಲ್ಲದ ನೆಂಟರು

ಓದಲಿಕ್ಕೆಂದು ಸೀನಿಯರ್ ಒಬ್ಬನಿಂದ ಮನುಷ್ಯರ ಎಲುಬುಗಳನ್ನು ಎರವಲು ಪಡೆದು, ಚೀಲಕ್ಕೆ ತುಂಬಿಸಿ, ಬಸ್ಸು ಹತ್ತಿ ಪಾಣೆಮಂಗಳೂರಿನ ಮನೆಗೆ ತಂದೆ. ಅಜ್ಜಿ ಚೀಲ ಬಿಚ್ಚಿ ನೋಡಿದರು. ಒಂಚೂರೂ ಹೆದರಲಿಲ್ಲ.

"ಯಾರು ಮಗಾ ಇದು?"

"ಗೊತ್ತಿಲ್ಲ ಅಜ್ಜಿ."

"ಹೆಸರೂ ಕೇಳದೆ ಕರ್ಕೊಂಡು ಬಂದಿಯಾ?"

ನನಗೆ ವಿದ್ಯೆ ತೋರಿಸುವ ಚಪಲ. ಸೊಂಟದ ಎಲುಬು ಎತ್ತಿ ಹಿಡಿದು, "ಅಗಲ ನೋಡಿ, ಹೆಣ್ಣು. ಪ್ರಾಯ ಸುಮಾರು ಇಪ್ಪತ್ತು" ಅಂದೆ.

"ಅಯ್ಯೋ ಪಾಪ" ಅಂದರು ಅಜ್ಜಿ. ಮಧ್ಯಾಹ್ನ ಚೀಲದ ಮುಂದೆ ಎಲೆ ಹಾಕಿ ಬಡಿಸಿದರು. ಬಂಗುಡೆ ಮೀನಿನ ದೊಡ್ಡ ತುಂಡು ಅವಳಿಗೇ ಹೋಯಿತು.

ಒಳ್ಳೆಯ ಮನೆ

ಮದುವೆಯಾಗದೆ ಸತ್ತವರಿಗೆ ಸತ್ತವರಲ್ಲೇ ಜೋಡಿ ಹುಡುಕಿ ಮದುವೆ ಮಾಡಿಸುವ ಕ್ರಮ ನಮ್ಮ ಕಡೆ ಉಂಟು. ಕುಲೆ ಮದುವೆ ಅಂತ ಹೇಳುತ್ತಾರೆ. ಅಜ್ಜಿ ಬಾಯಿ ಬಿಟ್ಟದ್ದೇ ತಡ, ಬೆಳ್ತಂಗಡಿಯಿಂದ ದಲ್ಲಾಳಿ ಬಂದ.

"ಸಣ್ಣ ಪ್ರಾಯದಲ್ಲಿ ಜ್ವರ ಬಂದು ತೀರಿಕೊಂಡ ಹುಡುಗ. ಒಳ್ಳೆಯ ಮನೆ. ಅಣ್ಣಂದಿರೆಲ್ಲ ಓದಿದವರು."

ಬರಿ ಅಂದರೆ ನಮ್ಮವರ ಗೋತ್ರ. ಅದು ತಿಳಿಯದೆ ಸಂಬಂಧ ಕೂಡುವುದಿಲ್ಲ. ಬಚಾವಾದೆ ಅಂದುಕೊಂಡು, "ಇವಳ ಬರಿ ಯಾರಿಗೆ ಗೊತ್ತುಂಟು?" ಅಂದೆ.

"ನಮ್ಮ ಮನೆಯಲ್ಲಿ ಉಂಡಿದ್ದಾಳೆ. ನಮ್ಮದೇ ಬರಿ" ಅಂದರು ಅಜ್ಜಿ. ಆ ಮಾತಿಗೆ ನಾನು ಅಜ್ಜಿಯನ್ನು ಇವತ್ತಿಗೂ ಪ್ರೀತಿಸುತ್ತೇನೆ. ಆದರೆ ಅವತ್ತು ಓದಲು ಚೀಲಕ್ಕೆ ಕೈ ಹಾಕಿದರೆ ಪಟ್ಟನೆ ಒಂದು ಪೆಟ್ಟು ಬಿತ್ತು.

"ನಿಶ್ಚಯವಾದ ಹುಡುಗಿ. ಇನ್ನು ಮುಟ್ಟಬೇಡ."

"ಪರೀಕ್ಷೆ ಉಂಟಲ್ಲ ಅಜ್ಜಿ."

"ಪುಸ್ತಕದಲ್ಲಿ ಚಿತ್ರ ಉಂಟಲ್ಲ, ಅದನ್ನು ನೋಡು."

ವೈವಾ

ಹಾಗೆ ಬರೀ ಚಿತ್ರ ನೋಡಿಕೊಂಡೇ ವೈವಾಕ್ಕೆ ಹೋದೆ. ಪ್ರಶ್ನೆ ಕೇಳಲು ಮದ್ರಾಸಿನಿಂದ ಬಂದ ಪರೀಕ್ಷಕರು. ಪಕ್ಕದಲ್ಲಿ ನಮ್ಮ ಪ್ರೊಫೆಸರು, ನಗುವಿಗೂ ಅವರಿಗೂ ಮಾತುಕತೆ ಇಲ್ಲ. ಮದ್ರಾಸಿನವರು ಸೊಂಟದ ಎಲುಬೊಂದನ್ನು ನನ್ನ ಕೈಗಿಟ್ಟರು.

"ಗಂಡೋ ಹೆಣ್ಣೋ?"

"ಹೆಣ್ಣು ಸಾರ್."

"ಪ್ರಾಯ?"

"ಇಪ್ಪತ್ತು."

"ಇನ್ನೇನು ಹೇಳಬಲ್ಲೆ?"

ಅಕ್ಕಿ ಅಂಗಡಿ ಕಣ್ಣ ಮುಂದೆ ಬಂತು. ಗಾಬರಿಯಲ್ಲಿ ನಾಲಗೆ ತನ್ನಷ್ಟಕ್ಕೆ ಹೇಳಿಬಿಟ್ಟಿತು: "ಮದುವೆ ನಿಶ್ಚಯವಾಗಿದೆ ಸಾರ್. ಬೆಳ್ತಂಗಡಿಗೆ."

ಮದ್ರಾಸಿನವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಮುಗಿಯಿತು ಕಥೆ ಅಂದುಕೊಂಡೆ. ಆಗ ಪ್ರೊಫೆಸರು ಮುಂದೆ ಬಾಗಿ, ತುಳುವಿನಲ್ಲಿ ಮೆಲ್ಲ ಕೇಳಿದರು:

"ಪಾಣೆಮಂಗಳೂರಿನ ಹುಡುಗಿಯಾ?"

ತಲೆಯಾಡಿಸಿದೆ.

"ಹುಡುಗ ನನ್ನ ತಮ್ಮ ಮಾರಾಯ. ಇದ್ದಿದ್ದರೆ ಅವನಿಗೂ ಈಗ ಮದುವೆಯ ಪ್ರಾಯ. ಅಮ್ಮ ಮೊನ್ನೆ ಹೇಳಿದರು, ಒಳ್ಳೆಯ ಸಂಬಂಧ ಬಂದಿದೆ ಅಂತ."

ಆಮೇಲೆ ಗಂಟಲು ಸರಿಮಾಡಿಕೊಂಡು, ಮದ್ರಾಸಿನವರ ಕಡೆ ತಿರುಗಿ, ಇಂಗ್ಲಿಷಿನಲ್ಲಿ ಹೇಳಿದರು:

"ಈ ವಿದ್ಯಾರ್ಥಿಯ ಉತ್ತರ ಪೂರ್ತಿ ಸರಿ ಇದೆ."